ನೊರೆ ಬಂದದ್ದೆಲ್ಲ ಈನೋ ಅಲ್ಲ

ತಂಗೀ, ನಿನ್ನ ಮೆಸೇಜ್ ಓದಿದೆ. ಮುಂದಿನ ತಿಂಗಳು ಐದು ವರ್ಷದ ಮಗನ ಜೊತೆ ನ್ಯೂಜೆರ್ಸಿಗೆ ಬರುತ್ತಿದ್ದೀಯ. ಕುಮಟೆಯಲ್ಲಿ ಅಮ್ಮ ಬಿಸ್ಕೆಟ್ ಡಬ್ಬಿಯಲ್ಲಿ ಹೊಟ್ಟೆ ಮಾತ್ರೆ ತುಂಬಿಸುತ್ತಿದ್ದಾರೆ: ಈನೋ, ಡೈಜೀನ್, ಪ್ಯಾನ್-ಡಿ, ನಾರ್ಫ್ಲಾಕ್ಸ್-ಟಿಝಡ್. ಇದನ್ನೆಲ್ಲ ತರಬಹುದಾ, ಅಲ್ಲಿ ಏನು ಸಿಗುತ್ತದೆ ಅಂತ ಕೇಳಿದ್ದೀಯ. ಚಳಿ, ಬಾಡಿಗೆ, ಶಾಲೆ ಎಲ್ಲ ಬಿಟ್ಟು ಮೊದಲು ಹೊಟ್ಟೆಯ ಚಿಂತೆ ಮಾಡಿದ್ದಕ್ಕೆ ನಗು ಬಂತು. ಆದರೆ ಮೊದಲ ಮೂರು ತಿಂಗಳು ಕಾಡುವುದು ಅದೇ. ಊಟದ ಹೊತ್ತು ಬದಲಾಗುತ್ತದೆ, ಚೀಸ್ ಜಾಸ್ತಿ ಆಗುತ್ತದೆ, ಶುಂಠಿ ತಂಬುಳಿ ಮಾಡಿಕೊಡುವವರು ಯಾರೂ ಇರುವುದಿಲ್ಲ.

ಸಿರ್ಸಿಯಲ್ಲಿ ಮೆಡಿಕಲ್ ಶಾಪಿಗೆ ಹೋಗಿ "ಹೊಟ್ಟೆ ಸರಿ ಇಲ್ಲ" ಅಂದರೆ ಅವರೇ ಸ್ಟ್ರಿಪ್ ಕತ್ತರಿಸಿ ನಾಲ್ಕು ಮಾತ್ರೆ ಕೊಡುತ್ತಾರೆ. ಇಲ್ಲಿ ಅಂಗಡಿಯ ಒಂದು ಸಾಲು ಪೂರ್ತಿ ಹೊಟ್ಟೆಗೇ ಮೀಸಲು. ಚೀಟಿ ಬೇಡ, ಕೇಳುವವರಿಲ್ಲ. ಎತ್ತಿಕೊಂಡು ದುಡ್ಡು ಕೊಟ್ಟು ಬಂದರಾಯಿತು. ನಾನು ಎಡವಿದ್ದು ಅಲ್ಲೇ.

ಒಂದು ವರ್ಷ ಮಾವ ಬಂದಿದ್ದರು. ಸ್ಟೆಂಟ್ ಹಾಕಿಸಿಕೊಂಡವರು, ದಿನಾ ರಕ್ತ ತೆಳು ಮಾಡುವ ಮಾತ್ರೆ ನುಂಗುವವರು. ಯಾರದೋ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಊಟ ಜಾಸ್ತಿಯಾಗಿ ಹೊಟ್ಟೆ ಉಬ್ಬರಿಸಿತು. "ಈನೋ ಇದ್ರೆ ಕೊಡು" ಅಂದರು. ಈನೋ ಖಾಲಿಯಾಗಿತ್ತು. ನೀರಿಗೆ ಹಾಕಿದರೆ ಭುಸ್ ಅನ್ನುವ ಮಾತ್ರೆ ತಂದೆ. ಅದೇ ನೊರೆ, ಅದೇ ತೇಗು. ಸಲಕ್ಕೆ ಎರಡರಂತೆ ಎರಡು ದಿನ ಕೊಟ್ಟೆ. ಮೂರನೇ ದಿನ ಇನ್ನೊಂದು ಪ್ಯಾಕೆಟ್ ತರಲು ಹೋದವಳು ಸುಮ್ನೆ ಅಲ್ಲಿದ್ದ ಫಾರ್ಮಸಿಸ್ಟ್ ಹತ್ತಿರ ಕೇಳಿದೆ. ಆಕೆ ಪೆಟ್ಟಿಗೆ ತಿರುಗಿಸಿ ಒಂದು ಸಾಲಿನ ಮೇಲೆ ಬೆರಳಿಟ್ಟಳು. ಒಂದೊಂದು ಮಾತ್ರೆಯಲ್ಲೂ ಆಸ್ಪಿರಿನ್, 325 ಮಿಲಿಗ್ರಾಂ! ನನ್ನ ಕೈಕಾಲು ತಣ್ಣಗಾಯಿತು. ನಮ್ಮ ಪುಣ್ಯ, ಮಾವನಿಗೆ ಏನೂ ಆಗಲಿಲ್ಲ. ಆಸ್ಪಿರಿನ್ ಬೆರೆಸಿದ ಇಂಥ ಔಷಧದಿಂದ ಹೊಟ್ಟೆಯೊಳಗೆ ರಕ್ತಸ್ರಾವ ಆಗಬಹುದು ಅಂತ ಇಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2016ರಲ್ಲಿ ಎಚ್ಚರಿಸಿತ್ತು. 60 ದಾಟಿದವರು, ಅಲ್ಸರ್ ಇದ್ದವರು, ರಕ್ತ ತೆಳು ಮಾಡುವ ಮಾತ್ರೆ ತಗೊಳ್ಳುವವರು ಹುಷಾರಾಗಿರಬೇಕು ಅಂತ. ಮಾವ ಮೂರಕ್ಕೂ ಹತ್ತಿರ ಇದ್ದರು.

ಅವತ್ತಿನಿಂದ ನಾನು ಪೆಟ್ಟಿಗೆಯ ಮುಂಭಾಗ ನೋಡುವುದನ್ನೇ ಬಿಟ್ಟೆ. ಹಿಂದೆ 'ಆ್ಯಕ್ಟಿವ್ ಇಂಗ್ರೀಡಿಯಂಟ್' ಅಂತ ಇರುತ್ತದೆ, ಅಂದರೆ ಒಳಗಿರುವ ಅಸಲಿ ಮದ್ದು, ಅದು ಮುಖ್ಯ. ಹೆಸರು ನಂಬಬೇಡ. ಎದೆ ಉರಿಗೆ ತಗೊಳ್ಳುವ ಝಾಂಟಾಕ್ ನೋಡು. ಮೊದಲು ಅದರಲ್ಲಿ ಇದ್ದದ್ದು ರಾನಿಟಿಡಿನ್, ಊರಲ್ಲಿ ರಾನ್ಟ್ಯಾಕ್ ಅಂತ ತಗೊಳ್ತೀವಲ್ಲ, ಅದೇ. 2020ರಲ್ಲಿ ರಾನಿಟಿಡಿನ್ ಇಲ್ಲಿನ ಅಂಗಡಿಗಳಿಂದ ಹೋಯಿತು. ಈಗ ಝಾಂಟಾಕ್ 360 ಅಂತ ಸಿಗುವುದರಲ್ಲಿ ಇರುವುದು ಫಾಮೋಟಿಡಿನ್ ಅನ್ನುವ ಬೇರೆಯೇ ಮದ್ದು. ಪೆಪ್ಟೊ-ಬಿಸ್ಮಾಲ್ ಅನ್ನುವ ಗುಲಾಬಿ ಔಷಧವೂ ಹಾಗೇ. ದೊಡ್ಡವರದ್ದರಲ್ಲಿ ಆಸ್ಪಿರಿನ್ನಿನ ದಾಯಾದಿಯಂಥ ಸ್ಯಾಲಿಸಿಲೇಟ್ ಇದೆ. 12ರ ಒಳಗಿನ ಮಕ್ಕಳಿಗೆ ಅದು ಬೇಡ. ಮಕ್ಕಳದ್ದು ಅಂತ ಅದೇ ಹೆಸರಲ್ಲಿ ಸಿಗುವುದರಲ್ಲಿ ಇರುವುದು ಬರೀ ಕ್ಯಾಲ್ಸಿಯಂ ಕಾರ್ಬೊನೇಟ್. ದೊಡ್ಡವರದ್ದನ್ನು ಕುಡಿದ ಮರುದಿನ ನಾಲಿಗೆ, ಮಲ ಕಪ್ಪಾದರೆ ಗಾಬರಿಯಾಗಬೇಡ, ಅದು ಆ ಔಷಧದಲ್ಲಿರುವ ಬಿಸ್ಮತ್ ಅನ್ನುವ ಲೋಹದ ಬಣ್ಣ. ಅದನ್ನು ಕುಡಿಯದೇ ಮಲ ಡಾಂಬರಿನ ಹಾಗೆ ಕಪ್ಪಾದರೆ ಮಾತ್ರ ಅವತ್ತೇ ಡಾಕ್ಟರ್ ಹತ್ತಿರ ಹೋಗು.

ಈಗ ಅಮ್ಮನ ಡಬ್ಬಿಗೆ ಬರೋಣ. ಈನೋ ತಾ. ಇಲ್ಲಿ ಇಂಡಿಯನ್ ಅಂಗಡಿಯಲ್ಲೂ ಸಿಗುತ್ತದೆ. ಸೋಡಿಯಂ ಜಾಸ್ತಿ, ಬಿಪಿ ಇದ್ದವರು ದಿನಾ ಕುಡಿಯಬಾರದು ಅಷ್ಟೇ. ಡೈಜೀನ್ ಒಂದು ಸ್ಟ್ರಿಪ್ ಸಾಕು. ಪ್ಯಾನ್-ಡಿ ಬಿಡು. ಅದರ ಕೊನೆಯ 'ಡಿ' ಅಂದರೆ ವಾಂತಿ ತಡೆಯುವ ಡೊಂಪೆರಿಡೋನ್, ಅಮೆರಿಕದಲ್ಲಿ ಅದಕ್ಕೆ ಅನುಮತಿಯೇ ಇಲ್ಲ. ಎದೆಬಡಿತ ಏರುಪೇರು ಮಾಡುವ ಗುಣ ಅದಕ್ಕಿದೆ. ನಾವು ಊರಲ್ಲಿ ಮದುವೆ ಊಟಕ್ಕೆ ಮೊದಲು ಚಾಕೊಲೇಟ್ ತಿಂದ ಹಾಗೆ ನುಂಗುತ್ತಿದ್ದೆವು! ನಾರ್ಫ್ಲಾಕ್ಸ್-ಟಿಝಡ್ ಕೂಡ ಬೇಡ. ಸಾಮಾನ್ಯ ಭೇದಿಗೆ ಆಂಟಿಬಯೋಟಿಕ್ ಬೇಕಾಗುವುದೇ ಕಡಿಮೆ. ಬೇಕಾದರೆ ಡಾಕ್ಟರ್ ಬರೆದುಕೊಡುತ್ತಾರೆ. ಏನೇ ತಂದರೂ ಸ್ಟ್ರಿಪ್ಪಿನಲ್ಲೇ ಇರಲಿ, ಬಿಡಿ ಮಾತ್ರೆ ಕಾಗದದಲ್ಲಿ ಕಟ್ಟಿ ತರಬೇಡ. ಡಾಕ್ಟರ್ ಚೀಟಿ ಜೊತೆಗಿಟ್ಟುಕೋ.

ಥೈರಾಯ್ಡ್ ಮಾತ್ರೆ ತಗೊಳ್ಳುತ್ತೀಯ ಅಂದಿದ್ದೀಯ. ಎದೆ ಉರಿಗೆ ಟಮ್ಸ್ ಅಂತ ಬಣ್ಣಬಣ್ಣದ, ಅಗಿದು ತಿನ್ನುವ ಮಾತ್ರೆ ಇಲ್ಲಿ ಎಲ್ಲರ ಬ್ಯಾಗಿನಲ್ಲೂ ಇರುತ್ತದೆ. ಅದಕ್ಕೂ ಥೈರಾಯ್ಡ್ ಮಾತ್ರೆಗೂ ನಾಲ್ಕು ತಾಸು ಅಂತರ ಇರಬೇಕು. ಇಲ್ಲದಿದ್ದರೆ ಥೈರಾಯ್ಡಿನದ್ದು ಮೈಗೆ ಹಿಡಿಯುವುದಿಲ್ಲ. ಹೊಟ್ಟೆಯ ಆಸಿಡ್ ತಗ್ಗಿಸುವ ಒಮೆಪ್ರಜೋಲ್ ಚೀಟಿ ಇಲ್ಲದೇ ಸಿಗುತ್ತದೆ, ಆದರೆ 14 ದಿನಕ್ಕೆ ನಿಲ್ಲಿಸಬೇಕು. ನಾಲ್ಕು ತಿಂಗಳ ಒಳಗೆ ಮತ್ತೆ ಬೇಕು ಅನ್ನಿಸಿದರೆ ಡಾಕ್ಟರಿಗೆ ತೋರಿಸು. ವರ್ಷಗಟ್ಟಲೆ ನುಂಗುವವರು ನಮ್ಮವರಲ್ಲೇ ಬೇಕಾದಷ್ಟಿದ್ದಾರೆ.

ಮಗನಿಗೆ ಭೇದಿಯಾದರೆ ಮೊದಲು ಬೇಕಾದದ್ದು ಎಲೆಕ್ಟ್ರಾಲ್. ದೊಡ್ಡ ಪ್ಯಾಕೆಟ್ ಪೂರ್ತಿ ಒಂದು ಲೀಟರ್ ನೀರಿಗೆ. ಅರ್ಧ ಲೋಟಕ್ಕೆ ಅಂದಾಜಿನಲ್ಲಿ ಸುರಿಯಬೇಡ. ಇಲ್ಲಿ ಅಂಥದ್ದೇ ಪೀಡಿಯಾಲೈಟ್ ಸಿಗುತ್ತದೆ. ಭೇದಿ ನಿಲ್ಲಿಸುವ ಲೋಪೆರಮೈಡನ್ನು ಡಾಕ್ಟರ್ ಹೇಳದೇ ಅವನಿಗೆ ಕೊಡಬೇಡ. ದೊಡ್ಡವರಾದರೂ ಜ್ವರ ಅಥವಾ ಮಲದಲ್ಲಿ ರಕ್ತ ಇದ್ದರೆ ಅದು ಬೇಡ. ದಿನಕ್ಕೆ 2 ಮಿಲಿಗ್ರಾಮಿನ ನಾಲ್ಕು ಮಾತ್ರೆ ದಾಟಬಾರದು. ಅವನು ಟಮ್ಸ್ ಡಬ್ಬಿಯನ್ನು ಪೆಪ್ಪರ್‌ಮಿಂಟ್ ಅಂತ ಖಾಲಿ ಮಾಡಿದರೆ 1-800-222-1222 ಕ್ಕೆ ಫೋನ್ ಮಾಡು. ವಿಷದ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ. ಗಂಡನಿಗೆ ಎದೆ ಉರಿ ಅಂತ ಶುರುವಾಗಿ ಬೆವರು, ಕೈಗೋ ದವಡೆಗೋ ನೋವು ಹರಿದರೆ ಈನೋ ಕಲಸುತ್ತ ಕೂರಬೇಡ, 911.

ಡಬ್ಬಿಯಲ್ಲಿ ಉಳಿದ ಜಾಗಕ್ಕೆ ಒಣ ಮುರುಗಲು ಸಿಪ್ಪೆ ಹಾಕಿಕೋ, ವಿಮಾನ ಇಳಿದ ಮೇಲೆ ಕಸ್ಟಮ್ಸ್‌ನಲ್ಲಿ ಅದು ಇದೆ ಅಂತ ಹೇಳಿಬಿಡು. ಓಮ ಇಲ್ಲೇ ಸಿಗುತ್ತದೆ. ಪ್ಯಾಕ್ ಮಾಡುವ ಮೊದಲು ಆ ಡಬ್ಬಿಯ ಫೋಟೊ ಕಳಿಸು. ಸ್ಟ್ರಿಪ್ಪಿನ ಹಿಂಬದಿ ಕಾಣುವ ಹಾಗೆ ತೆಗಿ.