ವೇಷವೇ ಕಾಣದ ರೇಡಿಯೋದಲ್ಲಿ ಯಕ್ಷಗಾನ ಕೇಳುವುದರಲ್ಲಿ ಏನು ಸ್ವಾರಸ್ಯವಿದೆ?

ಮಂಗಳೂರು ಆಕಾಶವಾಣಿಯ ಯಕ್ಷಗಾನ ಕಾರ್ಯಕ್ರಮವನ್ನು ಗಮನದಲ್ಲಿಟ್ಟುಕೊಂಡು ಉತ್ತರಿಸುತ್ತೇನೆ. 1976ರಲ್ಲಿ ಆರಂಭವಾದ ಈ ನಿಲಯವು ತುಳು, ಕೊಂಕಣಿ ಕಾರ್ಯಕ್ರಮಗಳ ಜೊತೆಗೆ ಕರಾವಳಿಯ ಈ ಕಲೆಗೂ ಜಾಗ ಕೊಟ್ಟಿತು. ಯಕ್ಷಗಾನಕ್ಕೆ ವೇಷವೂ ಕುಣಿತವೂ ಇಲ್ಲದ ತಾಳಮದ್ದಳೆ ಎಂಬ ಇನ್ನೊಂದು ರೂಪವಿರುವುದರಿಂದ, ರೇಡಿಯೋಗಾಗಿ ಹೊಸದಾಗಿ ಏನನ್ನೂ ಕಟ್ಟಬೇಕಾಗಲಿಲ್ಲ.

ತಾಳಮದ್ದಳೆಯಲ್ಲಿ ಅರ್ಥಧಾರಿಗಳು, ಅಂದರೆ ಪಾತ್ರಗಳಾಗಿ ಮಾತನಾಡುವ ಕಲಾವಿದರು, ಸಾಮಾನ್ಯ ಉಡುಪಿನಲ್ಲಿ ಎದುರುಬದುರಾಗಿ ಕುಳಿತಿರುತ್ತಾರೆ. ಹಾಡುಗಾರರಾದ ಭಾಗವತರು ಪ್ರಸಂಗದ (ಪದ್ಯರೂಪದ ಕಥೆಯ) ಪದ್ಯವೊಂದನ್ನು ಹಾಡಿ ನಿಲ್ಲಿಸಿದೊಡನೆ, ಆ ಪದ್ಯದ ಪಾತ್ರವನ್ನು ವಹಿಸಿದವರು ಅದರ ಆಶಯವನ್ನು ಸ್ವಂತ ಮಾತಿನಲ್ಲಿ, ಬರೆದಿಟ್ಟ ಸಂಭಾಷಣೆಯ ಆಸರೆಯಿಲ್ಲದೆ ಬೆಳೆಸುತ್ತಾರೆ. ಸಂಧಾನಕ್ಕೆ ಬಂದ ಕೃಷ್ಣನ ಒಂದು ಮಾತಿಗೆ ಕೌರವನು ಧರ್ಮಶಾಸ್ತ್ರದಿಂದಲೋ ವ್ಯಂಗ್ಯದಿಂದಲೋ ಉತ್ತರಿಸಿದರೆ, ಕೃಷ್ಣನ ಅರ್ಥಧಾರಿಯು ಅದಕ್ಕೆ ತಕ್ಕ ಪ್ರತಿವಾದವನ್ನು ಅಲ್ಲಿಯೇ ಹೊಳೆಯಿಸಿಕೊಳ್ಳಬೇಕಾಗುತ್ತದೆ. ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ ಖ್ಯಾತಿ ನಿಂತಿದ್ದು ಈ ವಾಕ್ಚಾತುರ್ಯದ ಮೇಲೆಯೇ. ಕಣ್ಣಿಗೆ ಕೆಲಸವಿಲ್ಲದಿದ್ದಾಗ ದನಿಯ ಏರಿಳಿತ, ಉತ್ತರಕ್ಕೆ ಮೊದಲಿನ ಸಣ್ಣ ಮೌನ, ಪದ್ಯದ ಕೊನೆಗೆ ಮದ್ದಳೆಯ ಮುಕ್ತಾಯ ಇವೆಲ್ಲ ಇನ್ನಷ್ಟು ಸ್ಪಷ್ಟವಾಗಿ ಕೇಳಿಸುತ್ತವೆ ಎಂಬುದು ನನ್ನ ಅಭಿಪ್ರಾಯ.

ನಷ್ಟವೂ ಇಲ್ಲದಿಲ್ಲ. ರಾತ್ರಿಯಿಡೀ ನಡೆಯಬಲ್ಲ ಪ್ರಸಂಗವನ್ನು ಪ್ರಸಾರದ ನಿಗದಿತ ಅವಧಿಗೆ ಇಳಿಸಬೇಕಾದಾಗ ಪದ್ಯಗಳನ್ನು ಆರಿಸಿ ಬಿಡಬೇಕಾಗುತ್ತದೆ; ವಾದವು ರಂಗೇರುವ ಹೊತ್ತಿಗೇ ಗಡಿಯಾರ ನೋಡಬೇಕಾಗುತ್ತದೆ. (ಮಾತು ಲಂಬಿಸುವ ಚಟವಿದ್ದವರಿಗೆ ಇದು ಒಳ್ಳೆಯ ಕಡಿವಾಣವೆನ್ನುವವರೂ ಇದ್ದಾರೆ.) ಸಭೆಯ ನಗು, ಚಪ್ಪಾಳೆಗಳಿಂದ ಅರ್ಥಧಾರಿಗೆ ಸಿಗುವ ಹುರುಪು ಸ್ಟುಡಿಯೋದಲ್ಲಿ ಸಿಗುವುದಿಲ್ಲ. ಮೊದಲ ಸಲ ಕೇಳುವವರು ಕಥೆ ಮೊದಲೇ ಗೊತ್ತಿರುವ ಪ್ರಸಂಗದಿಂದ ಆರಂಭಿಸಿದರೆ, ಮುಂದೇನಾಯಿತು ಎಂಬ ಚಿಂತೆಯಿಲ್ಲದೆ ವಾದದ ಸೊಗಸಿಗೆ ಕಿವಿಗೊಡಬಹುದು.