ಎರಡು ವರ್ಷದ ಕುದುರೆ ಮೈಮೇಲೆ ನುಗ್ಗಿದರೆ

ಹಗ್ಗ ಹಿಡಿದು ನಡೆಸುವಾಗ ನಿಮ್ಮ ಎರಡು ವರ್ಷದ ಗಂಡು ಕುದುರೆ ಭುಜದಿಂದ ತಳ್ಳುತ್ತದೆ, ಸುಸ್ತಾಗಲಿ ಅಂತ ದಿನಾ ಅರ್ಧ ಗಂಟೆ ಸುತ್ತು ಓಡಿಸಲೇ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಅದರ ಮೂಳೆ ಇನ್ನೂ ಬೆಳೆಯುತ್ತಿದೆ. ಬೆನ್ನುಮೂಳೆ ಪೂರ್ತಿ ಬಲಿಯಲು 5-6 ವರ್ಷ ಬೇಕು. ಚಿಕ್ಕ ಸುತ್ತಿನಲ್ಲಿ ಓಡಿಸಿದರೆ ಕಾಲಿನ ಕೀಲುಗಳಿಗೆ ಜಾಸ್ತಿ ಪೆಟ್ಟು. ಮೇಲಾಗಿ ಓಡಿ ಓಡಿ ಓಡುವ ತಾಕತ್ತೇ ಹೆಚ್ಚುತ್ತದೆ, ತಳ್ಳುವ ಚಾಳಿ ಹಾಗೇ ಇರುತ್ತದೆ.

ಮೊದಲು ಹಿಂದೆ ಸರಿಯುವುದನ್ನು ಕಲಿಸಿ. ಎಡ ಭುಜದ ಪಕ್ಕ ನಿಂತು, ಹಾಲ್ಟರ್ (ತಲೆಗೆ ಹಾಕುವ ಪಟ್ಟಿ) ಹಗ್ಗವನ್ನು ಅದರ ಎದೆಯ ಕಡೆಗೆ ಮೆಲ್ಲಗೆ ಒತ್ತಿ ಹಿಡಿಯಿರಿ. ಎಳೆದಾಡಬೇಡಿ, ಸುಮ್ನೆ ಕಾಯಿರಿ. ಕತ್ತು ಎತ್ತಬಹುದು, ಮುಂದಕ್ಕೆ ಒರಗಬಹುದು. ಆಗ ಕೈ ಸಡಿಲಿಸಬೇಡಿ. ಅದರ ಭಾರ ಹಿಂಗಾಲಿಗೆ ಜಾರಿದ ಕ್ಷಣ, ಕಾಲು ಎತ್ತುವ ಮೊದಲೇ, ಪೂರ್ತಿ ಬಿಟ್ಟುಬಿಡಿ. ಬಿಡುವುದೇ ಅದಕ್ಕೆ ಸಿಗುವ ಉತ್ತರ. ತಡ ಮಾಡಿದರೆ ಯಾವುದಕ್ಕೆ ಬಿಟ್ಟಿರಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಕೆಲವು ದಿನದಲ್ಲಿ ಅರ್ಧ ಹೆಜ್ಜೆ, ಆಮೇಲೆ ಒಂದು, ಎರಡು ಹೆಜ್ಜೆ ಬರುತ್ತದೆ.

ಬಲಗಡೆಯಿಂದಲೂ ಇದನ್ನೇ ಮಾಡಿಸಿ. ಒಂದು ಕಡೆ ಕಲಿತದ್ದು ಇನ್ನೊಂದು ಕಡೆಗೆ ಪೂರ್ತಿ ತಾನಾಗಿ ಬರದೇ ಇರಬಹುದು. 10-15 ನಿಮಿಷ ಸಾಕು. ಚೆನ್ನಾಗಿ ಮಾಡಿದ ಕೂಡಲೇ ನಿಲ್ಲಿಸಿ.

ಹಗ್ಗವನ್ನು ಕೈಗೆ ಸುತ್ತಿಕೊಳ್ಳಲೇಬೇಡಿ, ಮಡಿಚಿ ಹಿಡಿಯಿರಿ. ಬೆದರಿ ಓಡಿದರೆ ಬೆರಳೇ ಹೋಗಬಹುದು. ನೇರ ಮುಂದೆಯೂ ನಿಲ್ಲಬೇಡಿ, ಹಣೆಯ ಹತ್ತಿರ ಇರುವುದು ಕುದುರೆಗೆ ಕಾಣುವುದಿಲ್ಲ.

ಬೀಜ ಒಡೆಸಿಲ್ಲ ಅಲ್ವಾ? ಹಾಗಿದ್ದರೆ ಆ ವಿಷಯ ಪಶುವೈದ್ಯರ ಹತ್ತಿರ ಈಗಲೇ ಮಾತಾಡಿ.