ಒಂದೇ ಸೀಕ್ವೆನ್ಸ್ ಕಡವೆಗೂ ಹಸುವಿಗೂ 99% ಹೊಂದುತ್ತಿದ್ದರೆ

ವಶಪಡಿಸಿಕೊಂಡ ಮಾಂಸದ ಸೈಟೋಕ್ರೋಮ್ ಬಿ (ಪ್ರಾಣಿ ಯಾವುದೆಂದು ಗುರುತಿಸಲು ನೋಡುವ ಮೈಟೋಕಾಂಡ್ರಿಯಾದ ಜೀನ್) ಸೀಕ್ವೆನ್ಸ್‌ಗೆ ಜೆನ್‌ಬ್ಯಾಂಕಿನಲ್ಲಿ (ಎಲ್ಲರಿಗೂ ತೆರೆದ ಡಿಎನ್‌ಎ ಸಂಗ್ರಹ) 99% ಹೊಂದುವ ಏಳೆಂಟು ಕಡವೆ, ನಡುವೆ ಒಂದು ಹಸು ಸಿಕ್ಕಿದೆ ಅಂದಿದ್ದೀರಿ. ಹೆಚ್ಚಾಗಿ ಆ ಹಸುವಿನ ಎಂಟ್ರಿಗೇ ತಪ್ಪು ಹೆಸರು ಬಿದ್ದಿರುತ್ತದೆ. ಅಲ್ಲಿ ಪ್ರಾಣಿಯ ಹೆಸರು ಬರೆಯುವವರು ಸೀಕ್ವೆನ್ಸ್ ಕಳಿಸಿದವರೇ ಅಲ್ವಾ.

ಮೊದಲು ಆ ಹಸುವಿನ ಎಂಟ್ರಿಯನ್ನೇ ಬ್ಲಾಸ್ಟ್ ಮಾಡಿ, ಅಂದರೆ ಸಂಗ್ರಹದ ಉಳಿದ ಸೀಕ್ವೆನ್ಸ್‌ಗಳ ಜೊತೆ ಹೋಲಿಸಿ. ಬೇರೆ ಹಸುಗಳನ್ನು ಬಿಟ್ಟು ಕಡವೆಗಳ ಜೊತೆ ಕೂತರೆ ಗುಟ್ಟು ರಟ್ಟಾಯಿತು. ಆಮೇಲೆ ಕಡವೆ ಎಂಟ್ರಿಗಳನ್ನೂ ಒಂದೊಂದಾಗಿ ತೆರೆದು ವೋಚರ್ ನಂಬರ್ (ಸಂಗ್ರಹಾಲಯದಲ್ಲಿ ಕಾದಿಟ್ಟ ಮಾದರಿಯ ಸಂಖ್ಯೆ), ಮಾದರಿ ಸಿಕ್ಕ ಜಾಗ ಇದೆಯಾ ನೋಡಿ. ಎಲ್ಲವೂ ಒಂದೇ ಲ್ಯಾಬಿನವಾದರೆ ಅದು ಏಳೆಂಟು ಸಾಕ್ಷಿ ಅಲ್ಲ, ಒಂದೇ.

ನಿಮ್ಮ ಸೀಕ್ವೆನ್ಸನ್ನೂ ಪ್ರೋಟೀನಿಗೆ ತಿರುಗಿಸಿ ನೋಡಿ. ನಡುವೆ ಸ್ಟಾಪ್ ಕೋಡಾನ್ (ಪ್ರೋಟೀನ್ ಇಲ್ಲಿಗೆ ಮುಗಿಯಿತು ಅನ್ನುವ ಮೂರಕ್ಷರದ ಗುರುತು) ಬಂದರೆ ನ್ಯೂಕ್ಲಿಯಸ್ಸಿನೊಳಗೆ ಸೇರಿಕೊಂಡ ಆ ಜೀನಿನ ಹಳೇ ನಕಲನ್ನು ಓದಿರಬಹುದು. ಹೀಗೆ ತಿರುಗಿಸುವಾಗ ಜೆನೆಟಿಕ್ ಕೋಡ್ ಟೇಬಲ್ 2 (ಬೆನ್ನುಮೂಳೆ ಇರುವ ಪ್ರಾಣಿಗಳ ಮೈಟೋಕಾಂಡ್ರಿಯಾದ್ದು) ಆರಿಸಿ. ಮಾಮೂಲಿ ಟೇಬಲ್ 1ರಲ್ಲಿ ಟಿಜಿಎ ಕೂಡ ಸ್ಟಾಪ್ ಅಂತಲೇ ತೋರಿಸುತ್ತದೆ, ಸುಮ್ನೆ ಗಾಬರಿ. ನಾನು ಅದರಲ್ಲೇ ಒಂದು ಮಧ್ಯಾಹ್ನ ಕಳೆದಿದ್ದೇನೆ.

ಸ್ಟಾಪ್ ಬರಲಿಲ್ಲ ಅಂದಮಾತ್ರಕ್ಕೆ ನಕಲಲ್ಲ ಅಂತ ಹೇಳಲಾಗದು. ಹಾಗಾಗಿ ಸಿಒಐ ಅಥವಾ 16ಎಸ್ (ಮೈಟೋಕಾಂಡ್ರಿಯಾದ ಬೇರೆ ಜೀನ್‌ಗಳು) ಕೂಡ ಮಾಡಿಸಿ. ಸಿಒಐ ಆದರೆ ಬೋಲ್ಡ್ ಅನ್ನುವ ಡಿಎನ್‌ಎ ಬಾರ್‌ಕೋಡ್ ಸಂಗ್ರಹದಲ್ಲಿ ಹುಡುಕಿ. ಕೋರ್ಟಿಗೆ ಹೋಗುವ ಕೇಸಾದರೆ, ಗುರುತು ಖಚಿತವಿರುವ ಕಡವೆಯ ಮಾದರಿಯೊಂದನ್ನು ಜೊತೆಗೇ ಸೀಕ್ವೆನ್ಸ್ ಮಾಡಿಸಿ.